ಆಡದೆ ಬಿಟ್ಟ ಮಾತಿನ ವ್ಯಾಕರಣ

ಮಾತಿನಲ್ಲಿ ಆಡಿದ್ದಕ್ಕಿಂತ ಆಡದೆ ಬಿಟ್ಟದ್ದೇ ಹೆಚ್ಚು ಎಂದು ಲೋಕರೂಢಿಯಲ್ಲಿ ಹೇಳುವುದುಂಟು. ಹಾಗೆ ಆಡದೆ ಬಿಟ್ಟದ್ದಕ್ಕೂ ಪದ, ಪದಗುಚ್ಛ, ವಿಭಕ್ತಿಗಳ ಕಟ್ಟು ಇದೆಯೇ, ಅದೂ ನಿಯಮಗಳಿಗೆ ಒಳಪಟ್ಟಿದೆಯೇ ಎಂದು ಕೇಳಿ ಉತ್ತರ ಹುಡುಕಲು ಹೊರಟದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವಾಕ್ಯರಚನಾಶಾಸ್ತ್ರ, ಅಂದರೆ ಪದಗಳು ಕೂಡಿ ವಾಕ್ಯವಾಗುವ ಬಗೆಯನ್ನು ಪರಿಶೀಲಿಸುವ ಭಾಷಾವಿಜ್ಞಾನದ ಶಾಖೆ. “ಯಾರೋ ಬಂದಿದ್ದರು, ಯಾರು ಅಂತ ಗೊತ್ತಿಲ್ಲ” ಎಂಬ ಮಾತಿನ ಎರಡನೆಯ ಭಾಗದಲ್ಲಿ ‘ಬಂದಿದ್ದರು’ ಎಂಬ ಕ್ರಿಯಾಪದ ಕೇಳಿಸುವುದಿಲ್ಲ; ಆದರೂ ಗೊತ್ತಿಲ್ಲದಿರುವುದು ಬಂದವರು ಯಾರು ಎಂಬುದೇ ಎಂದು ಕನ್ನಡ ಬಲ್ಲವರೆಲ್ಲ ಗ್ರಹಿಸುತ್ತಾರೆ. ಹೀಗೆ ವಾಕ್ಯದ ಒಂದು ಭಾಗ ಉಚ್ಚಾರವಾಗದೆಯೂ ಅರ್ಥಕ್ಕೆ ಒದಗುವುದನ್ನು ಲೋಪ ಎನ್ನಬಹುದು. “ಆ ಪುಸ್ತಕವನ್ನು ಗೀತಾ ಇನ್ನೂ ಓದಿಲ್ಲ” ಎಂಬಲ್ಲಿ ಬೇರೊಂದು ಬಗೆಯ ವ್ಯತ್ಯಾಸವಿದೆ. ಕನ್ನಡದ ರೂಢಿಯ ಕ್ರಮದಲ್ಲಿ ಕರ್ತೃವಿನ ನಂತರ, ಕ್ರಿಯಾಪದಕ್ಕೆ ಹತ್ತಿರದಲ್ಲಿ ಬರಬೇಕಾದ ಕರ್ಮಪದ ಇಲ್ಲಿ ವಾಕ್ಯದ ಆರಂಭಕ್ಕೆ ಬಂದಿದೆ. ಪದವೊಂದು ತನ್ನ ಮೂಲಸ್ಥಾನ ಬಿಟ್ಟು ಬೇರೆಡೆ ಉಚ್ಚಾರವಾಗುವ ಇದನ್ನು ಶಾಸ್ತ್ರದಲ್ಲಿ ಚಲನೆ ಎನ್ನುತ್ತಾರೆ. ಒಂದರಲ್ಲಿ ಪದ ಕಾಣೆಯಾಗುತ್ತದೆ, ಇನ್ನೊಂದರಲ್ಲಿ ಜಾಗ ಬದಲಿಸುತ್ತದೆ. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಈ ಎರಡೂ ಒಂದೇ ಬೇರಿನಿಂದ ಹುಟ್ಟಿರಬಹುದು ಎಂಬ ನಿಲುವಿಗೆ ಶಾಸ್ತ್ರ ಬಂದು ನಿಂತ ದಾರಿ ಕುತೂಹಲಕರವಾದದ್ದು.

ದಾರಿಯ ಆರಂಭ ನೋಮ್ ಚಾಮ್‌ಸ್ಕಿಯವರು 1957ರಲ್ಲಿ ಪ್ರಕಟಿಸಿದ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಎಂಬ ಚಿಕ್ಕ ಪುಸ್ತಕ. ವಾಕ್ಯವೆಂದರೆ ಒಂದರ ಹಿಂದೆ ಒಂದು ಪೋಣಿಸಿದ ಪದಗಳ ಸಾಲು ಎಂದು ಭಾವಿಸಿದರೆ ಭಾಷೆಯ ಬಹಳಷ್ಟು ಲಕ್ಷಣಗಳು ವಿವರಣೆಗೆ ಸಿಗುವುದಿಲ್ಲ ಎಂದು ಅವರು ವಾದಿಸಿದರು. ‘ಹಳೆಯ ಮನೆಯ ಬಾಗಿಲು’ ಎಂಬ ಮೂರು ಪದಗಳಲ್ಲಿ ಹಳೆಯದು ಮನೆಯೋ ಬಾಗಿಲೋ ಎಂಬ ಸಂದೇಹ ಹುಟ್ಟುವುದು ಪದಗಳು ಎರಡು ಬಗೆಯಲ್ಲಿ ಗುಂಪುಗೂಡಬಲ್ಲವು ಎಂಬ ಕಾರಣಕ್ಕೆ. ಪದಗಳ ಸಾಲು ಒಂದೇ, ಒಳಗಿನ ಕಟ್ಟು ಎರಡು. ಹೀಗೆ ಪದಗಳು ಗುಚ್ಛಗಳಾಗಿ, ಗುಚ್ಛಗಳು ಇನ್ನೂ ದೊಡ್ಡ ಗುಚ್ಛಗಳಾಗಿ ಒಂದರೊಳಗೊಂದು ಸೇರಿ ವಾಕ್ಯವಾಗುತ್ತವೆ ಎಂಬುದು ಲೋಪಕ್ಕೂ ಚಲನೆಗೂ ತಳಹದಿಯಾದ ತಿಳಿವಳಿಕೆ, ಏಕೆಂದರೆ ಕಾಣೆಯಾಗುವುದಾಗಲಿ ಜಾಗ ಬದಲಿಸುವುದಾಗಲಿ ಸಾಮಾನ್ಯವಾಗಿ ಇಡೀ ಗುಚ್ಛವೇ ಹೊರತು ಸಾಲಿನಲ್ಲಿ ಅಕ್ಕಪಕ್ಕ ಬಿದ್ದಿರುವ ಯಾವುದೋ ಎರಡು ಪದಗಳಲ್ಲ.

ಚಲನೆಯ ಪಾಠವನ್ನು ಶಾಸ್ತ್ರಕಾರರು ಮೊದಲು ಕಲಿತದ್ದು ಇಂಗ್ಲಿಷಿನ ಪ್ರಶ್ನಾವಾಕ್ಯಗಳಿಂದ. “ರವಿ ಏನನ್ನು ತಿಂದ?” ಎಂದು ಕನ್ನಡದಲ್ಲಿ ಕೇಳುವಾಗ ಪ್ರಶ್ನಪದ, ಉತ್ತರದಲ್ಲಿ ‘ದೋಸೆಯನ್ನು’ ಎಂಬುದು ಇರುವ ಜಾಗದಲ್ಲಿಯೇ ಇರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, “ವಾಟ್ ಡಿಡ್ ರವಿ ಈಟ್?” ಎಂಬಲ್ಲಿ ‘ವಾಟ್’ ಎಂಬುದು ‘ಈಟ್’ ಎಂಬ ಕ್ರಿಯಾಪದದ ಕರ್ಮವಾಗಿದ್ದರೂ ಅದರ ಬಳಿ ಇಲ್ಲ, ವಾಕ್ಯದ ತಲೆಗೆ ಬಂದಿದೆ, ಕ್ರಿಯಾಪದದ ಪಕ್ಕದಲ್ಲಿ ಒಂದು ತೆರಪು ಉಳಿದಿದೆ. ಆ ತೆರಪು ಎಷ್ಟು ದೂರದಲ್ಲಿದ್ದರೂ ಅಡ್ಡಿಯಿಲ್ಲ: ರವಿ ತಿಂದ ಎಂದು ಗೀತಾ ಹೇಳಿದಳು ಎಂದು ಕಿರಣ ನಂಬಿದ್ದಾನೆ ಎಂಬಷ್ಟು ಉದ್ದದ ವಾಕ್ಯದ ಆಳದಲ್ಲಿರುವ ಕರ್ಮವನ್ನು ಕೇಳಬೇಕಾದರೂ ಪ್ರಶ್ನಪದ ಅಷ್ಟೂ ಉಪವಾಕ್ಯಗಳನ್ನು ದಾಟಿ ಮೊದಲಿಗೆ ಬರುತ್ತದೆ. ಹಾಗಾದರೆ ಚಲನೆಗೆ ಮಿತಿಯೇ ಇಲ್ಲವೇ ಎಂಬ ಪ್ರಶ್ನೆಗೆ ನೆಲೆ ನಿಂತ ಉತ್ತರ ಕೊಟ್ಟವರು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಚಾಮ್‌ಸ್ಕಿಯವರ ಶಿಷ್ಯರಾಗಿದ್ದ ಜಾನ್ ರಾಬರ್ಟ್ ರಾಸ್. 1967ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಅವರು ವಾಕ್ಯದೊಳಗಿನ ಕೆಲವು ಭಾಗಗಳಿಂದ ಏನೂ ಹೊರಗೆ ಬರಲಾರದು ಎಂದು ತೋರಿಸಿ ಆ ಭಾಗಗಳನ್ನು ದ್ವೀಪಗಳೆಂದು ಕರೆದರು. ಹೆಸರು ಇಂದಿಗೂ ಅದೇ.

ದ್ವೀಪಗಳನ್ನು ನೋಡಲು ಇಂಗ್ಲಿಷಿಗೆ ಹೋಗಬೇಕಾಗಿಲ್ಲ, ಪದಗಳ ಕ್ರಮದಲ್ಲಿ ಧಾರಾಳ ಸ್ವಾತಂತ್ರ್ಯವಿರುವ ಕನ್ನಡದಲ್ಲಿಯೇ ಅವು ಎದ್ದು ಕಾಣುತ್ತವೆ. “ಗೀತಾ ರವಿ ಆ ಪುಸ್ತಕವನ್ನು ಓದಿದ ಅಂತ ಹೇಳಿದಳು” ಎಂಬ ವಾಕ್ಯದಲ್ಲಿ ‘ಅಂತ’ ಎಂಬುದರ ಒಳಗಿರುವ ಕರ್ಮವನ್ನು ಎತ್ತಿ “ಆ ಪುಸ್ತಕವನ್ನು ಗೀತಾ, ರವಿ ಓದಿದ ಅಂತ ಹೇಳಿದಳು” ಎಂದರೆ ತುಸು ತಡೆದು ಉಚ್ಚರಿಸಬೇಕಾದೀತು, ಆದರೆ ಮಾತು ಕೆಡುವುದಿಲ್ಲ. ಈಗ “ರವಿ ಹಾಲನ್ನು ಕುಡಿದ ಬೆಕ್ಕನ್ನು ಓಡಿಸಿದ” ಎಂಬ ವಾಕ್ಯವನ್ನು ನೋಡಬಹುದು. ಇಲ್ಲಿ ‘ಹಾಲನ್ನು ಕುಡಿದ’ ಎಂಬುದು ಬೆಕ್ಕಿಗೆ ವಿಶೇಷಣವಾಗಿರುವ ಉಪವಾಕ್ಯ. ಅದರೊಳಗಿನ ಕರ್ಮವನ್ನು ಹಾಗೆಯೇ ಮೊದಲಿಗೆ ತಂದು “ಹಾಲನ್ನು ರವಿ ಕುಡಿದ ಬೆಕ್ಕನ್ನು ಓಡಿಸಿದ” ಎಂದರೆ ಕೇಳುಗ ತಬ್ಬಿಬ್ಬಾಗುತ್ತಾನೆ, ಹಾಲಿಗೆ ದಿಕ್ಕಿಲ್ಲದಂತಾಗುತ್ತದೆ, ರವಿ ಬೆಕ್ಕನ್ನೇ ಕುಡಿದನೇನೋ ಎಂಬ ಅಪಾರ್ಥ ಬೇರೆ ಹುಟ್ಟುತ್ತದೆ. ಎರಡು ವಾಕ್ಯಗಳಲ್ಲಿಯೂ ಉಪವಾಕ್ಯವೊಂದರೊಳಗಿನ ಕರ್ಮವೇ ಹೊರಬಂದಿದೆ, ದಾಟಿದ ದೂರದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಎಂತಹ ಕಟ್ಟಿನೊಳಗಿಂದ ಹೊರಬಂದಿದೆ ಎಂಬುದರಲ್ಲಿ. ಯಾವ ಶಾಲೆಯಲ್ಲಿಯೂ ಕಲಿಸದ ಈ ನಿಯಮವನ್ನು ಕನ್ನಡಿಗರೆಲ್ಲ ಪಾಲಿಸುತ್ತಾರೆ.

ಪ್ರಶ್ನಪದಗಳ ವಿಷಯದಲ್ಲಿ ಕನ್ನಡದ ನಡತೆ ಇನ್ನೂ ಸೂಕ್ಷ್ಮವಾದದ್ದು. “ರವಿ ಯಾರು ಬರೆದ ಪುಸ್ತಕವನ್ನು ಓದಿದ?” ಎಂಬುದು ತೀರ ಸಾಮಾನ್ಯವಾದ ಪ್ರಶ್ನೆ. ಇಲ್ಲಿ ‘ಯಾರು’ ಎಂಬುದು ದ್ವೀಪದ ಒಳಗೇ ಇದೆ, ಹೊರಗೆ ಬಂದಿಲ್ಲ, ಹಾಗಾಗಿ ಅಡ್ಡಿಯೂ ಇಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಅದೇ ಜಾಗದಲ್ಲಿ ‘ಯಾಕೆ’ ಎಂಬುದನ್ನು ಇಟ್ಟು “ರವಿ ಯಾಕೆ ಬರೆದ ಪುಸ್ತಕವನ್ನು ಓದಿದ?” ಎಂದರೆ, ಬರೆದದ್ದರ ಕಾರಣವನ್ನು ಕೇಳುವ ಪ್ರಶ್ನೆಯಾಗಿ ಅದು ನಿಲ್ಲುವುದಿಲ್ಲ. ಎರಡರಲ್ಲಿಯೂ ಪ್ರಶ್ನಪದ ಚಲಿಸಿಲ್ಲ ಎಂದಾದರೆ ಈ ಭೇದ ಎಲ್ಲಿಂದ ಬಂತು? ಚೀನೀ ಭಾಷೆಯಲ್ಲಿ ಇಂಥದೇ ಭೇದವನ್ನು ಕಂಡ ಸಿ.-ಟಿ. ಜೇಮ್ಸ್ ಹ್ವಾಂಗ್ 1982ರಲ್ಲಿ ಮುಂದಿಟ್ಟ ಉತ್ತರ ಅಂದು ಸಾಕಷ್ಟು ದಿಟ್ಟವಾಗಿತ್ತು: ಇದ್ದಲ್ಲೇ ಇರುವಂತೆ ಕೇಳಿಸುವ ಪ್ರಶ್ನಪದವೂ ವಾಕ್ಯದ ಅರ್ಥವನ್ನು ಕಟ್ಟುವ ಹಂತದಲ್ಲಿ ಮೊದಲಿಗೆ ಚಲಿಸುತ್ತದೆ, ಆ ಚಲನೆ ಕಿವಿಗೆ ಬೀಳುವುದಿಲ್ಲ ಅಷ್ಟೇ, ಕರ್ತೃ, ಕರ್ಮಗಳಂತೆ ಕ್ರಿಯಾಪದ ತಾನೇ ಬಯಸುವ ಪದಗಳಿಗೆ ಆ ಹಂತದಲ್ಲಿ ಸಡಿಲಿಕೆ ಉಂಟು, ಕಾರಣವನ್ನು ಕೇಳುವಂತಹ ಹೊರಗಿನ ಪದಗಳಿಗೆ ಇಲ್ಲ. ಕೇಳಿಸದ ಚಲನೆಯನ್ನು ಒಪ್ಪಲು ಹಿಂಜರಿಯುವವರು ಇಂದಿಗೂ ಇದ್ದಾರೆ, ಆದರೆ ‘ಯಾರು’, ‘ಯಾಕೆ’ಗಳ ಭೇದಕ್ಕೆ ಅವರೂ ಏನಾದರೊಂದು ಕಾರಣ ಕೊಡಲೇಬೇಕು.

ದ್ವೀಪಗಳು ವ್ಯಾಕರಣದ ನಿಯಮಗಳೇ ಅಲ್ಲ, ತೆರಪನ್ನು ನೆನಪಿನಲ್ಲಿಟ್ಟುಕೊಂಡು ಜಟಿಲವಾದ ಕಟ್ಟನ್ನು ಬಿಡಿಸುವುದು ಮನಸ್ಸಿಗೆ ಹೊರೆಯಾಗುವುದರಿಂದ ಹಾಗನ್ನಿಸುತ್ತದೆ ಎಂಬ ವಾದವೂ ಪ್ರಬಲವಾಗಿಯೇ ಬಂದಿದೆ. ಹಾಗಿದ್ದಲ್ಲಿ ಸ್ಮರಣಶಕ್ತಿ ಹೆಚ್ಚಿರುವವರಿಗೆ ದ್ವೀಪ ಮೀರಿದ ವಾಕ್ಯಗಳು ಅಷ್ಟೊಂದು ಕೆಟ್ಟದಾಗಿ ಕೇಳಿಸಬಾರದು. ಜಾನ್ ಸ್ಪ್ರೌಸ್, ಮ್ಯಾಟ್ ವೇಜರ್ಸ್, ಕಾಲಿನ್ ಫಿಲಿಪ್ಸ್ ಇವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿ ಅಂತಹ ಸಂಬಂಧ ಕಾಣಲಿಲ್ಲ ಎಂದಿತು. ಅಷ್ಟರಿಂದ ವಾದ ಮುಗಿಯಲಿಲ್ಲ, ಆದರೆ ಹೊರೆಯ ವಾದಕ್ಕೆ ಹೆಚ್ಚಿನ ಪುರಾವೆ ಒದಗಿಸುವ ಜವಾಬ್ದಾರಿ ಬಂದಿತೆಂಬುದು ನಿಜ.

ಚಲಿಸಿದ ಪದದ ಮೂಲಸ್ಥಾನದಲ್ಲಿ ಏನಿರುತ್ತದೆ ಎಂಬ ಪ್ರಶ್ನೆಗೆ ಶಾಸ್ತ್ರ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. 1970ರ ದಶಕದಿಂದ ಎರಡು ದಶಕಗಳ ಕಾಲ ಅಲ್ಲಿ ಒಂದು ಗುರುತು, ಒಂದು ಜಾಡು ಉಳಿಯುತ್ತದೆ ಎಂದು ಹೇಳಲಾಗುತ್ತಿತ್ತು. ಚಾಮ್‌ಸ್ಕಿಯವರು 1990ರ ದಶಕದಲ್ಲಿ ರೂಪಿಸಿದ, 1995ರಲ್ಲಿ ‘ದಿ ಮಿನಿಮಲಿಸ್ಟ್ ಪ್ರೋಗ್ರಾಮ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದ ಚಿಂತನೆಯಲ್ಲಿ ಜಾಡಿನ ಜಾಗಕ್ಕೆ ಪ್ರತಿ ಬಂತು. ಚಲನೆಯೆಂದರೆ ಪದವನ್ನು ಕಿತ್ತು ಬೇರೆಡೆ ನೆಡುವುದಲ್ಲ. ಅದರದೇ ಒಂದು ಪ್ರತಿಯನ್ನು ಮೇಲಿನ ಸ್ಥಾನದಲ್ಲಿ ಇರಿಸುವುದು. ಎರಡೂ ಪ್ರತಿಗಳು ವಾಕ್ಯದಲ್ಲಿ ಇರುತ್ತವೆ, ಸಾಮಾನ್ಯವಾಗಿ ಒಂದು ಮಾತ್ರ ಉಚ್ಚಾರವಾಗುತ್ತದೆ, ಇನ್ನೊಂದು ಮೌನವಾಗಿ ಉಳಿಯುತ್ತದೆ. ಹಾಗಿದ್ದರೆ ಎಲ್ಲಾದರೂ ಎರಡೂ ಪ್ರತಿಗಳು ಬಾಯಿಗೆ ಬರುವುದುಂಟೇ ಎಂದು ಹುಡುಕಿದಾಗ ಸಾಕ್ಷ್ಯ ಸಿಕ್ಕಿತು. ಇಂಗ್ಲಿಷ್ ಕಲಿಯುತ್ತಿರುವ ಪುಟ್ಟ ಮಕ್ಕಳಲ್ಲಿ ಕೆಲವರು ಉದ್ದದ ಪ್ರಶ್ನೆಗಳನ್ನು ಕೇಳುವಾಗ ದೊಡ್ಡವರು ಒಮ್ಮೆ ಮಾತ್ರ ಹೇಳುವ ‘ಹೂ’ ಎಂಬ ಪ್ರಶ್ನಪದವನ್ನು ವಾಕ್ಯದ ಮೊದಲಲ್ಲಿ ಒಮ್ಮೆ, ನಡುವಿನ ಉಪವಾಕ್ಯದ ಆರಂಭದಲ್ಲಿ ಇನ್ನೊಮ್ಮೆ ಹೇಳುತ್ತಾರೆ ಎಂಬುದನ್ನು ರೋಸಲಿಂಡ್ ಥಾರ್ನ್‌ಟನ್ 1990ರ ಪ್ರಬಂಧದಲ್ಲಿ ದಾಖಲಿಸಿದರು. ಮಕ್ಕಳಿಗೆ ಅಂತಹ ವಾಕ್ಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜರ್ಮನ್ನಿನ ಕೆಲವು ಪ್ರಭೇದಗಳಲ್ಲಿ ದೊಡ್ಡವರೂ ಹೀಗೆಯೇ ಮಾತಾಡುತ್ತಾರೆ. “ಬಂದದ್ದೇನೋ ಬಂದ, ಮಾತೇ ಆಡಲಿಲ್ಲ” ಎಂಬ ಕನ್ನಡದ ಪ್ರಯೋಗದಲ್ಲಿ ಒಂದೇ ಧಾತು ಮೊದಲಲ್ಲಿ ಒಮ್ಮೆ, ತನ್ನ ಜಾಗದಲ್ಲಿ ಇನ್ನೊಮ್ಮೆ ಕೇಳಿಸುತ್ತದೆ, ಆದರೆ ಬಂದದ್ದು ಒಂದೇ ಸಲ. ಹೀಬ್ರೂ, ರಷ್ಯನ್ ಮೊದಲಾದ ಭಾಷೆಗಳಲ್ಲಿನ ಇಂತಹ ಇಮ್ಮಡಿ ಕ್ರಿಯಾಪದಗಳನ್ನು ಎರಡು ಪ್ರತಿಗಳೂ ಉಚ್ಚಾರವಾದ ಚಲನೆಯೆಂದು ವಿವರಿಸಿದವರಿದ್ದಾರೆ; ಕನ್ನಡದ ಈ ನುಡಿಗಟ್ಟನ್ನೂ ಆ ಬೆಳಕಿನಲ್ಲಿ ನೋಡಲು ಅವಕಾಶವಿದೆ.

ಪ್ರತಿಗಳ ಈ ಸಿದ್ಧಾಂತದಿಂದ ಚಲನೆಯೂ ಒಂದು ಬಗೆಯ ಮೌನವೇ ಆಯಿತು. ವಾಕ್ಯದಲ್ಲಿ ಇನ್ನೊಂದೆಡೆ ಅದೇ ಇದೆ ಎಂಬ ಕಾರಣಕ್ಕೆ ಒಂದು ಪ್ರತಿಯನ್ನು ಉಚ್ಚರಿಸದೆ ಬಿಡುವುದು ಚಲನೆ. ಹಿಂದಿನ ವಾಕ್ಯದಲ್ಲಿ ಅದೇ ಇತ್ತು ಎಂಬ ಕಾರಣಕ್ಕೆ ಇಡೀ ಗುಚ್ಛವನ್ನು ಉಚ್ಚರಿಸದೆ ಬಿಡುವುದು ಲೋಪ. ಇಲ್ಲಿಂದ ಮುಂದೆ ಲೋಪದ ಅಧ್ಯಯನ ಚಲನೆಯ ಅಧ್ಯಯನದ ಪಕ್ಕದ ಕೋಣೆಯಾಗಿ ಉಳಿಯಲಿಲ್ಲ.

ಲೋಪದ ವಿಷಯದಲ್ಲಿಯೂ ಮೊದಲ ದೊಡ್ಡ ಹೆಜ್ಜೆ ರಾಸ್ ಅವರದೇ. ‘ಯಾರು ಅಂತ ಗೊತ್ತಿಲ್ಲ’ ಎಂಬ ಮಾದರಿಯ, ಪ್ರಶ್ನಪದವೊಂದನ್ನು ಉಳಿಸಿ ಮಿಕ್ಕ ಪ್ರಶ್ನಾವಾಕ್ಯವನ್ನೆಲ್ಲ ಬಿಟ್ಟುಬಿಡುವ ಲೋಪವನ್ನು ಅವರು 1969ರ ಲೇಖನವೊಂದರಲ್ಲಿ ವಿವರಿಸಿ ಅದಕ್ಕೆ ‘ಸ್ಲೂಸಿಂಗ್’ ಎಂದು ಹೆಸರಿಟ್ಟರು. ಕೇಳಿಸದ ಭಾಗದಲ್ಲಿ ಅರ್ಥ ಮಾತ್ರ ಇದೆಯೋ ವ್ಯಾಕರಣವೂ ಇದೆಯೋ ಎಂದು ತಿಳಿಯಲು ಅವರು ಬಳಸಿದ ಸಾಧನ ವಿಭಕ್ತಿ. ಜರ್ಮನ್ನಿನಲ್ಲಿ ಮುಖಸ್ತುತಿ ಮಾಡು ಎಂಬ ಕ್ರಿಯಾಪದ ಒಂದು ವಿಭಕ್ತಿಯನ್ನೂ ಹೊಗಳು ಎಂಬುದು ಇನ್ನೊಂದು ವಿಭಕ್ತಿಯನ್ನೂ ಬೇಡುತ್ತದೆ. ಆ ಕ್ರಿಯಾಪದಗಳು ಲೋಪವಾದ ವಾಕ್ಯದಲ್ಲಿಯೂ ಉಳಿದ ಪ್ರಶ್ನಪದ ಅವು ಬೇಡಿದ ವಿಭಕ್ತಿಯಲ್ಲಿಯೇ ಇರಬೇಕಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಸೊರಗಿಹೋಗಿರುವ ಇಂಗ್ಲಿಷಿನಲ್ಲಿ ಕಾಣಲಾಗದ ಈ ಸಂಗತಿ ಕನ್ನಡದಲ್ಲಿ ನಿಚ್ಚಳವಾಗಿದೆ. “ಅವನು ಯಾರನ್ನೋ ಹೊಗಳುತ್ತಿದ್ದ, ಯಾರನ್ನು ಅಂತ ಗೊತ್ತಾಗಲಿಲ್ಲ” ಎಂಬಲ್ಲಿ ದ್ವಿತೀಯೆ. “ಅವನು ಯಾರಿಗೋ ಹೆದರುತ್ತಿದ್ದ, ಯಾರಿಗೆ ಅಂತ ಗೊತ್ತಾಗಲಿಲ್ಲ” ಎಂಬಲ್ಲಿ ಚತುರ್ಥಿ. ಎರಡನ್ನೂ ಅದಲುಬದಲು ಮಾಡಿದರೆ ಮಾತು ಕೆಡುತ್ತದೆ. ‘ಅಂತ ಗೊತ್ತಾಗಲಿಲ್ಲ’ ಎಂಬುದು ಎರಡರಲ್ಲಿಯೂ ಒಂದೇ ಆಗಿರುವುದರಿಂದ ‘ಅನ್ನು’, ‘ಗೆ’ಗಳನ್ನು ಕೊಟ್ಟದ್ದು ಅದಲ್ಲ, ಕೊಟ್ಟದ್ದು ಕೇಳಿಸದಿರುವ ಹೊಗಳು, ಹೆದರು ಎಂಬ ಧಾತುಗಳು. ಕಣ್ಣಿಗೆ ಕಾಣದ ಕ್ರಿಯಾಪದ ತನ್ನ ಕೆಲಸವನ್ನು ಮಾತ್ರ ಬಿಟ್ಟಿಲ್ಲ.

ಭಾರತೀಯ ವ್ಯಾಕರಣ ಪರಂಪರೆಯ ಓದುಗರಿಗೆ ಈ ವಾದದಲ್ಲಿ ಪರಿಚಿತವಾದ ದನಿ ಕೇಳಿಸದೆ ಇರದು. ಪಾಣಿನಿ ಲೋಪವನ್ನು ಇಲ್ಲವಾಗುವುದೆಂದು ಹೇಳದೆ ಕಾಣದಿರುವುದೆಂದು ನಿರೂಪಿಸಿ, ಪ್ರತ್ಯಯವೊಂದು ಲೋಪವಾದ ಮೇಲೂ ಅದರ ನಿಮಿತ್ತವಾಗಿ ಆಗಬೇಕಾದ ಕಾರ್ಯ ಆಗುತ್ತದೆ ಎಂದು ಬೇರೊಂದು ಸೂತ್ರದಲ್ಲಿ ವಿಧಿಸಿದ್ದಾನೆ. ಅವನ ಮಾತು ಪದದೊಳಗಿನ ಪ್ರತ್ಯಯಗಳನ್ನು ಕುರಿತದ್ದು, ರಾಸ್ ಅವರದು ವಾಕ್ಯದೊಳಗಿನ ಗುಚ್ಛಗಳನ್ನು ಕುರಿತದ್ದು. ಆದರೂ ಕಾಣದಿದ್ದರೂ ಕಾರ್ಯ ನಿಲ್ಲದು ಎಂಬ ತರ್ಕ ಎರಡರಲ್ಲಿಯೂ ಒಂದೇ.

ರಾಸ್ ಅವರ ಬೀಜವನ್ನು ಬೆಳೆಸಿದವರು ಜೇಸನ್ ಮರ್ಚೆಂಟ್. 2001ರಲ್ಲಿ ಬಂದ ಅವರ ‘ದಿ ಸಿಂಟ್ಯಾಕ್ಸ್ ಆಫ್ ಸೈಲೆನ್ಸ್’ ಎಂಬ ಪುಸ್ತಕ ಹೇಳುವ ಪ್ರಕಾರ ಸ್ಲೂಸಿಂಗ್ ಎಂದರೆ ಮೊದಲು ಚಲನೆ, ನಂತರ ಲೋಪ: ಪ್ರಶ್ನಪದ ಮೊದಲಿಗೆ ಚಲಿಸಿ ಹೊರಬರುತ್ತದೆ, ಹಿಂದೆ ಉಳಿದ ಇಡೀ ವಾಕ್ಯ ಮೌನವಾಗುತ್ತದೆ. ಇದಕ್ಕೆ ಅವರು ಕೊಟ್ಟ ಪ್ರಸಿದ್ಧ ಪುರಾವೆ ಉಪಸರ್ಗದಂತಹ ಸಂಬಂಧಸೂಚಕ ಪದಗಳದು. ಇಂಗ್ಲಿಷಿನಲ್ಲಿ ‘ವಿತ್’ ಎಂಬುದನ್ನು ಹಿಂದೆ ಬಿಟ್ಟು ‘ಹೂ’ ಒಂದೇ ಮುಂದೆ ಬರಬಹುದು, ಜರ್ಮನ್ನಿನಲ್ಲಿ ಬರಲಾರದು. ಲೋಪದಲ್ಲಿಯೂ ಇಂಗ್ಲಿಷ್ ‘ಹೂ’ ಒಂದನ್ನೇ ಉಳಿಸಬಲ್ಲದು, ಜರ್ಮನ್ ಎರಡನ್ನೂ ಒಟ್ಟಿಗೆ ಉಳಿಸಬೇಕು. ಅನೇಕ ಭಾಷೆಗಳಲ್ಲಿ ಚಲನೆಯ ಅಭ್ಯಾಸ ಹೇಗೋ ಲೋಪದ ಅಭ್ಯಾಸವೂ ಹಾಗೆ ಎಂದು ಅವರು ತೋರಿಸಿದರು. ಕನ್ನಡದಲ್ಲಿ “ಯಾರ ಜೊತೆಗೋ ಮಾತಾಡುತ್ತಿದ್ದಳು, ಯಾರ ಜೊತೆ ಅಂತ ಗೊತ್ತಿಲ್ಲ” ಎನ್ನಬಹುದು, ‘ಯಾರ ಅಂತ ಗೊತ್ತಿಲ್ಲ’ ಎನ್ನಲಾಗದು. ‘ಜೊತೆ’ಯನ್ನು ಹಿಂದೆ ಬಿಟ್ಟು ‘ಯಾರ’ ಎಂಬುದನ್ನು ಬೇರೆಡೆ ಒಯ್ಯಲೂ ಆಗದು.

ಮರ್ಚೆಂಟ್ ಅವರ ಸಿದ್ಧಾಂತಕ್ಕೆ ತೊಡಕು ಒದಗಿದ್ದು ಮತ್ತೆ ದ್ವೀಪಗಳಿಂದ. ಒಂದು ದ್ರಾವಿಡ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳುತ್ತಾರಂತೆ, ಯಾವುದು ಎಂದು ನೆನಪಿಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಚೆನ್ನಾಗಿಯೇ ಇರುತ್ತದೆ. ಆದರೆ ಲೋಪ ಮಾಡದೆ ಪೂರ್ತಿ ಹೇಳಹೊರಟರೆ ಪ್ರಶ್ನಪದ ದ್ವೀಪದೊಳಗಿಂದ ಹೊರಬರಬೇಕಾಗಿ ವಾಕ್ಯ ಹಾಳಾಗುತ್ತದೆ. ಹೇಳಿದರೆ ತಪ್ಪು, ಹೇಳದಿದ್ದರೆ ಸರಿ ಎಂಬ ಈ ವಿಚಿತ್ರವನ್ನು ರಾಸ್ 1969ರಲ್ಲಿಯೇ ಗಮನಿಸಿದ್ದರು. ಚಲನೆಯಲ್ಲಿ ಆದ ದೋಷ ಉಚ್ಚಾರವಾಗುವ ಭಾಗಕ್ಕೆ ಅಂಟಿಕೊಂಡಿರುತ್ತದೆ, ಆ ಭಾಗವೇ ಮೌನವಾದರೆ ದೋಷವೂ ಅಳಿಯುತ್ತದೆ ಎಂದು ಹವರ್ಡ್ ಲ್ಯಾಸ್ನಿಕ್ ಮೊದಲಾದವರು ವಾದಿಸಿದರು. ಮೌನವಾದ ಭಾಗದಲ್ಲಿ ಇರುವುದು ಹಿಂದಿನ ವಾಕ್ಯದ ಯಥಾಪ್ರತಿಯಲ್ಲ, ಅದಕ್ಕಿಂತ ಚಿಕ್ಕದಾದ, ದ್ವೀಪವೇ ಇಲ್ಲದ ಬೇರೊಂದು ವಾಕ್ಯ ಎಂಬುದು ಇನ್ನೊಂದು ಪಕ್ಷ. ಎರಡನೆಯದು ಹೆಚ್ಚು ಮಿತವ್ಯಯದ್ದು, ಮತ್ತು ಕನ್ನಡದ ಮಟ್ಟಿಗೆ ಹೆಚ್ಚು ನಂಬಲರ್ಹವಾದದ್ದು. “ದ್ರಾವಿಡ ಭಾಷೆಯೊಂದನ್ನು ಬಲ್ಲವರನ್ನು ತೆಗೆದುಕೊಳ್ಳುತ್ತಾರಂತೆ, ಯಾವ ಭಾಷೆ ಅಂತ ಗೊತ್ತಿಲ್ಲ” ಎನ್ನುವಾಗ ‘ಯಾವ ಭಾಷೆ’ ಎಂಬುದಕ್ಕೆ ‘ಅನ್ನು’ ಹತ್ತಿಲ್ಲ; ಆದ್ದರಿಂದ ಅಲ್ಲಿ ಮೌನವಾಗಿರುವುದು ‘ಬಲ್ಲವರನ್ನು’ ಎಂಬ ಉದ್ದದ ಕಟ್ಟು ಅಲ್ಲ, ‘ಅದು ಯಾವ ಭಾಷೆ’ ಎಂಬಲ್ಲಿನ ‘ಅದು’ ಮಾತ್ರ ಎಂದು ತಿಳಿಯಲು ಅಡ್ಡಿಯಿಲ್ಲ.

ಇಲ್ಲಿ ಕನ್ನಡ ಎತ್ತುವ ಪ್ರಶ್ನೆ ದೊಡ್ಡದು. ಪ್ರಶ್ನಪದ ಚಲಿಸುವ ಅಗತ್ಯವೇ ಇಲ್ಲದ ಭಾಷೆಯಲ್ಲಿ ಮೊದಲು ಚಲನೆ, ನಂತರ ಲೋಪ ಎಂಬ ಸೂತ್ರ ಹೇಗೆ ನಡೆದೀತು? “ಅವನು ಯಾರಿಗೋ ಹಣ ಕೊಟ್ಟಿದ್ದಾನೆ, ಯಾರಿಗೆ ಅಂತ ಗೊತ್ತಿಲ್ಲ” ಎಂಬುದರ ಮೌನಕ್ಕೆ ಕನಿಷ್ಠ ಎರಡು ಮೂಲಗಳನ್ನು ಊಹಿಸಬಹುದು. ಕ್ರಮದ ಸ್ವಾತಂತ್ರ್ಯವನ್ನು ಬಳಸಿಕೊಂಡು ‘ಯಾರಿಗೆ’ ಮೊದಲಿಗೆ ಬಂದು ‘ಅವನು ಹಣ ಕೊಟ್ಟಿದ್ದಾನೆ’ ಎಂಬುದು ಲೋಪವಾಗಿರ‌ಬಹುದು. ಅಥವಾ “ಅವನು ಹಣ ಕೊಟ್ಟದ್ದು ಯಾರಿಗೆ” ಎಂಬ, ಕ್ರಿಯೆಯನ್ನು ನಾಮಪದವಾಗಿಸಿ ಮುಖ್ಯವಾದ ಪದವನ್ನು ಬೇರೆಯಾಗಿ ಎತ್ತಿ ತೋರಿಸುವ, ಸೀಳುವಾಕ್ಯವೆಂದು ಕರೆಯಬಹುದಾದ ರಚನೆಯ ಮೊದಲ ಭಾಗ ಬಿದ್ದುಹೋಗಿರಬಹುದು. ಕನ್ನಡದ ಸೀಳುವಾಕ್ಯದಲ್ಲಿಯೂ ‘ಗೆ’ ಪ್ರತ್ಯಯ ಉಳಿಯುವುದರಿಂದ ವಿಭಕ್ತಿಯ ಪರೀಕ್ಷೆ ಇಲ್ಲಿ ತೀರ್ಪು ಕೊಡಲಾರದು. ಇವುಗಳ ಜೊತೆಗೆ “ಯಾರಿಗೋ ಹಣ ಕೊಟ್ಟಿದ್ದಾನೆ, ಯಾರು ಅಂತ ಗೊತ್ತಿಲ್ಲ” ಎಂದು ಪ್ರಥಮೆಯಲ್ಲಿ ಹೇಳುವವರೂ ಇದ್ದಾರೆ. ಅಲ್ಲಿ ಬಿಟ್ಟುಹೋಗಿರುವುದು ‘ಅವರು ಯಾರು’ ಎಂಬಲ್ಲಿನ ಸರ್ವನಾಮ, ಏಕೆಂದರೆ ಕನ್ನಡಕ್ಕೆ ಅಂತಹ ವಾಕ್ಯದಲ್ಲಿ ಕ್ರಿಯಾಪದವೂ ಬೇಡ, ಗೊತ್ತಿರುವ ಕರ್ತೃವನ್ನು ಹೇಳಲೂ ಬೇಡ. ಕಿವಿಗೆ ಒಂದೇ ಬಗೆಯಾಗಿ ಕೇಳುವ ತುಂಡು ಮಾತುಗಳ ಹಿಂದೆ ಬೇರೆ ಬೇರೆ ಮೌನಗಳಿವೆ, ಅವುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಸಿದ್ಧಾಂತ ಕೆಡುತ್ತದೆ.

ಲೋಪಕ್ಕೆ ಹಿಂದಿನ ವಾಕ್ಯದೊಡನೆ ಸಾಮ್ಯ ಇರಬೇಕು ಎಂಬುದು ಸರಿ. ಎಷ್ಟು ಸಾಮ್ಯ ಎಂಬುದು ಜಗಳದ ವಿಷಯ. “ರವಿ ಮನೆಗೆ ಹೋದ, ಗೀತಾ ಕೂಡ” ಎಂದಾಗ ಗೀತಾಳ ಮುಂದೆ ಇರಬೇಕಾದದ್ದು ‘ಹೋದಳು’, ಹಿಂದೆ ಇರುವುದು ‘ಹೋದ’; ಲಿಂಗದ ಈ ವ್ಯತ್ಯಾಸ ಯಾರನ್ನೂ ಕಾಡುವುದಿಲ್ಲ. ವಿಭಕ್ತಿಯಲ್ಲಿ ಇಷ್ಟು ಬಿಗಿಯಾಗಿರುವ ಲೋಪ ಕ್ರಿಯಾಪದದ ಕೊನೆಯ ಪ್ರತ್ಯಯದ ವಿಷಯದಲ್ಲಿ ಏಕೆ ಸಡಿಲ ಎಂದರೆ, ಆ ಪ್ರತ್ಯಯ ಕರ್ತೃವಿನಿಂದ ಎರವಲಾಗಿ ಬಂದದ್ದು, ಸಾಮ್ಯವನ್ನು ಅಳೆಯುವುದು ಅದು ಸೇರುವ ಮೊದಲಿನ ಕಟ್ಟಿನಲ್ಲಿ ಎಂಬುದು ಸಿದ್ಧಾಂತದ ಉತ್ತರ. ಸರ್ವನಾಮಗಳು ಸೇರಿದಾಗ ವಿಷಯ ಇನ್ನಷ್ಟು ರಸವತ್ತಾಗುತ್ತದೆ. “ಗೀತಾ ತನ್ನ ಸೈಕಲ್ಲನ್ನು ತೊಳೆದಳು, ರವಿಯೂ ತೊಳೆದ” ಎಂದರೆ ರವಿ ತೊಳೆದದ್ದು ತನ್ನದೇ ಸೈಕಲ್ ಆಗಿರಬಹುದು. ಆದರೆ “ರವಿಯೂ ಅದನ್ನು ತೊಳೆದ” ಎಂದರೆ ಸೈಕಲ್ ಗೀತಾಳದೇ. ಬಿಟ್ಟುಹೋದ ಕರ್ಮದ ಜಾಗದಲ್ಲಿ ಕೇಳಿಸದ ‘ಅದು’ ಎಂಬ ಸರ್ವನಾಮ ಇದೆ ಎಂದು ಹೇಳುವುದಾದರೆ ಎರಡು ವಾಕ್ಯಗಳಿಗೂ ಒಂದೇ ಅರ್ಥ ಬರಬೇಕಿತ್ತು. ಬರುತ್ತಿಲ್ಲವಾದ್ದರಿಂದ ಅಲ್ಲಿ ಇರುವುದು ‘ತನ್ನ ಸೈಕಲ್ಲನ್ನು’ ಎಂಬ ಇಡೀ ಗುಚ್ಛ, ಅದರಲ್ಲಿನ ‘ತನ್ನ’ ಹೊಸ ಕರ್ತೃವಿಗೆ ಹೊಂದಿಕೊಳ್ಳುತ್ತದೆ. ಜಪಾನೀ ಭಾಷೆಯಲ್ಲಿ ಇಂತಹದೇ ವಾಕ್ಯಗಳ ಸುತ್ತ ದೊಡ್ಡ ಚರ್ಚೆ ನಡೆದಿದೆ.

ಕ್ರಿಯಾಪದವೇ ಲೋಪವಾಗುವ ಬಗೆಯಲ್ಲಿ ಭಾಷೆಯ ಪದಕ್ರಮದ ಮುದ್ರೆ ಕಾಣುತ್ತದೆ. ಕರ್ಮಕ್ಕೂ ಮೊದಲು ಕ್ರಿಯಾಪದ ಬರುವ ಇಂಗ್ಲಿಷಿನಲ್ಲಿ ಮೊದಲ ವಾಕ್ಯದಲ್ಲಿ ಕ್ರಿಯಾಪದವನ್ನು ಹೇಳಿ ಎರಡನೆಯದರಲ್ಲಿ ಬಿಡುತ್ತಾರೆ; ಕ್ರಿಯಾಪದ ಕೊನೆಯಲ್ಲಿ ಬರುವ ಜಪಾನೀ ಭಾಷೆಯಲ್ಲಿ ಮೊದಲನೆಯದರಲ್ಲಿ ಬಿಟ್ಟು ಕೊನೆಯಲ್ಲಿ ಹೇಳುತ್ತಾರೆ ಎಂದು ರಾಸ್ 1970ರಲ್ಲಿ ಗುರುತಿಸಿದರು. ಕನ್ನಡದಲ್ಲಿ “ರವಿ ಕಾಫಿಯನ್ನೂ ಗೀತಾ ಚಹಾವನ್ನೂ ಕುಡಿದರು” ಎಂಬುದು ಈ ಎರಡನೆಯ ಮಾದರಿಯಂತೆ ತೋರುತ್ತದೆ, ಆದರೆ ‘ಕುಡಿದರು’ ಎಂಬ ಬಹುವಚನ ಎಲ್ಲಿಂದ ಬಂತು ಎಂಬುದಕ್ಕೆ ಲೋಪದ ವಿವರಣೆಯಲ್ಲಿ ಉತ್ತರವಿಲ್ಲ. ರವಿ ಕುಡಿದ, ಗೀತಾ ಕುಡಿದಳು. ಇವೆರಡರಲ್ಲಿ ಯಾವುದನ್ನು ಅಳಿಸಿದರೂ ಬಹುವಚನ ಉಳಿಯುವುದಿಲ್ಲ. ಎರಡು ವಾಕ್ಯಗಳಿಗೂ ಸೇರಿದ ಕ್ರಿಯಾಪದ ಅವುಗಳಿಂದ ಹೊರಗೆ, ಇಬ್ಬರೂ ಕರ್ತೃಗಳಿಗೆ ಸಮನಾದ ಸ್ಥಾನಕ್ಕೆ ಚಲಿಸಿದೆ ಎಂದರೆ ಒಗಟು ಬಿಡುತ್ತದೆ. ಲೋಪವೆಂದು ಕಂಡದ್ದು ಪರೀಕ್ಷೆ ಮಾಡಿದಾಗ ಚಲನೆಯಾಗಿ ಹೊರಡುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ.

ಇಷ್ಟೆಲ್ಲ ಮೌನದ ಕಟ್ಟಡವನ್ನು ಒಪ್ಪದವರ ಪಕ್ಷವನ್ನೂ ಹೇಳಬೇಕು. ಪೀಟರ್ ಕ್ಯುಲಿಕವರ್ ಮತ್ತು ರೇ ಜ್ಯಾಕೆಂಡಾಫ್ 2005ರ ‘ಸಿಂಪ್ಲರ್ ಸಿಂಟ್ಯಾಕ್ಸ್’ ಎಂಬ ಪುಸ್ತಕದಲ್ಲಿ, ಕೇಳಿಸುವ ತುಂಡಿನ ವ್ಯಾಕರಣ ಆ ತುಂಡಿನಷ್ಟೇ, ಉಳಿದದ್ದನ್ನು ಸಂದರ್ಭದಿಂದ ಅರ್ಥವಾಗಿ ಗ್ರಹಿಸಲಾಗುತ್ತದೆ ಎಂದು ವಾದಿಸಿದರು. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರಿಗೆ “ಮೆಜೆಸ್ಟಿಕ್, ಎರಡು” ಎಂದು ಹೇಳುವವರ ಹಿಂದೆ ಯಾವ ಪೂರ್ವವಾಕ್ಯವೂ ಇಲ್ಲ, ಅದನ್ನು ಪೂರ್ತಿ ಮಾಡಬಲ್ಲ ವಾಕ್ಯಗಳು ಹತ್ತಾರು. ಅವುಗಳಲ್ಲಿ ಯಾವುದು ಲೋಪವಾಯಿತು ಎಂದು ಕೇಳುವುದರಲ್ಲಿ ಹುರುಳಿಲ್ಲ. ಈ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ತಟ್ಟೆಯೊಂದನ್ನು ಮಗುವಿನ ಕೈಗಿತ್ತು “ಅಜ್ಜಿಗೆ” ಎಂದಷ್ಟೇ ಹೇಳುವ ತಾಯಿಯ ಮಾತಿನಲ್ಲಿ ‘ಗೆ’ ಇದೆ, ‘ಅಜ್ಜಿ’ ಎಂದರೆ ಕೆಲಸವಾಗದು. ಮೌನವಾದ ‘ಕೊಡು’ ಆ ಪ್ರತ್ಯಯವನ್ನು ತಂದಿತೆಂದು ಒಂದು ಪಕ್ಷ, ‘ಗೆ’ ತಾನಾಗಿಯೇ ಗುರಿಯನ್ನು ಸೂಚಿಸಬಲ್ಲದೆಂದು ಇನ್ನೊಂದು ಪಕ್ಷ. ‘ಹೊಗಳು’ ಧಾತುವಿನ ಉದಾಹರಣೆಯಲ್ಲಿನ ‘ಅನ್ನು’ ಪ್ರತ್ಯಯಕ್ಕೆ ಅಂತಹ ಸ್ವತಂತ್ರವಾದ ಅರ್ಥವನ್ನು ಹಚ್ಚುವುದು ಮಾತ್ರ ಸುಲಭವಲ್ಲ, ಹಾಗಾಗಿ ಪೂರ್ವವಾಕ್ಯವಿರುವ ಲೋಪದ ಮಟ್ಟಿಗೆ ಮೌನದ ವ್ಯಾಕರಣವನ್ನು ಹೇಳುವವರ ಕೈ ಮೇಲಾಗಿದೆ.

ಇದೇ ಜಗಳವನ್ನು ಮೀಮಾಂಸಕರು ಬಹು ಹಿಂದೆಯೇ ಆಡಿದ್ದರು. ಒಬ್ಬನು ‘ಬಾಗಿಲು’ ಎಂದಷ್ಟೇ ಹೇಳಿದಾಗ ಕೇಳಿದವನು ಅದನ್ನು ಮುಚ್ಚುತ್ತಾನೆ. ಅಲ್ಲಿ ‘ಮುಚ್ಚು’ ಎಂಬ ಪದವನ್ನೇ ಸೇರಿಸಿಕೊಂಡು ವಾಕ್ಯಾರ್ಥವಾಗುತ್ತದೆ ಎಂದು ಕುಮಾರಿಲ ಭಟ್ಟನ ಪರಂಪರೆಯವರು, ಪದ ಬೇಕಾಗಿಲ್ಲ, ಮುಚ್ಚುವಿಕೆಯೆಂಬ ಅರ್ಥ ಒದಗಿದರೆ ಸಾಕು ಎಂದು ಪ್ರಭಾಕರನ ಪರಂಪರೆಯವರು. ಅಧ್ಯಾಹಾರವೆಂದು ಹೆಸರಾದ ಈ ಚರ್ಚೆಯಲ್ಲಿ ಮರ್ಚೆಂಟ್ ಅವರು ಭಾಟ್ಟರ ಸಾಲಿನಲ್ಲಿಯೂ ಜ್ಯಾಕೆಂಡಾಫ್ ಅವರು ಪ್ರಾಭಾಕರರ ಸಾಲಿನಲ್ಲಿಯೂ ಕೂರುತ್ತಾರೆ. ಹೊಸದಾಗಿ ಸೇರಿರುವುದು ಹಲವು ಭಾಷೆಗಳ ವಿಭಕ್ತಿ, ದ್ವೀಪ, ಸರ್ವನಾಮಗಳಿಂದ ಆಯ್ದ ಪರೀಕ್ಷೆಗಳು.

ಅಂತಹ ಪರೀಕ್ಷೆಗಳಿಗೆ ಕನ್ನಡ ಒದಗಿಸಬಲ್ಲ ಸಾಕ್ಷ್ಯ ದೊಡ್ಡದು. ಎಸ್. ಎನ್. ಶ್ರೀಧರ್ ಅವರು 1990ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣ ವಾಕ್ಯರಚನೆಗೆ ವಿಸ್ತಾರವಾದ ಜಾಗ ಕೊಟ್ಟಿತು, ಡಿ. ಎನ್. ಶಂಕರ ಭಟ್ಟರು ಕನ್ನಡ ವಾಕ್ಯಗಳ ಒಳರಚನೆಯನ್ನು ಕುರಿತು ಕನ್ನಡದಲ್ಲಿಯೇ ಬರೆದರು, ಜೆಫ್ರಿ ಲಿಡ್ಜ್ ಅವರು ಕನ್ನಡದ ದ್ವಿತೀಯಾ ವಿಭಕ್ತಿಯನ್ನೂ ಕನ್ನಡ ಮಕ್ಕಳ ಭಾಷಾಕಲಿಕೆಯನ್ನೂ ಅಂತರರಾಷ್ಟ್ರೀಯ ಚರ್ಚೆಗೆ ತಂದರು. ಶಾಲೆಯ ವ್ಯಾಕರಣ ಮಾತ್ರ ಲೋಪವನ್ನು ‘ಊರು’, ‘ಊರು’ ಸೇರಿ ‘ಊರೂರು’ ಆಗುವ ಲೋಪಸಂಧಿಗೆ ಮುಗಿಸಿ, ವಾಕ್ಯಕ್ಕೆ ಬಂದಾಗ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸುವುದರಲ್ಲಿ ನಿಂತುಬಿಡುತ್ತದೆ. ಇಲ್ಲಿ ಕೊಟ್ಟಿರುವ ವಾಕ್ಯಗಳನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ, ಮನೆಯಲ್ಲಿ ಕನ್ನಡವಾಡುವವರ ಕಿವಿ ಸಾಕು; ಧಾರವಾಡ, ಕುಂದಾಪುರ, ಚಾಮರಾಜನಗರಗಳ ಕನ್ನಡದಲ್ಲಿ ‘ಯಾರಿಗೆ ಅಂತ ಗೊತ್ತಿಲ್ಲ’ ಎಂಬುದರ ಜಾಗದಲ್ಲಿ ಏನನ್ನು ಹೇಳುತ್ತಾರೆ, ಯಾವುದನ್ನು ಹೇಳಲಾಗದು ಎನ್ನುತ್ತಾರೆ ಎಂಬುದನ್ನು ಕನ್ನಡ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೇಳಿ ಬರೆದಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.